ಕಪ್ಪು ಕಲ್ಲಿನ ಕೆಂಪು ಗೀರು

ಹೆಮಟೈಟ್ ಎಂಬ ಕಬ್ಬಿಣದ ಖನಿಜವನ್ನು ಸರಿಯಾಗಿ ಗುರುತಿಸುವುದನ್ನು ನಾನು ಕಲಿತದ್ದು ಸಂಡೂರಿನ ಬೆಟ್ಟಗಳಲ್ಲಿ, ಅದೂ ಒಂದು ತಪ್ಪಿನ ಮೂಲಕ. ಭೂವಿಜ್ಞಾನದ ವಿದ್ಯಾರ್ಥಿಯಾಗಿದ್ದಾಗ, ರಸ್ತೆಗಾಗಿ ಕಡಿದ ಗುಡ್ಡದ ಬುಡದಲ್ಲಿ ಬಿದ್ದಿದ್ದ, ಉಕ್ಕಿನಂತೆ ಹೊಳೆಯುವ ಕಪ್ಪು ಕಲ್ಲೊಂದನ್ನು ಎತ್ತಿಕೊಂಡಿದ್ದೆ. ಅದು ಕೈಗೆ ಭಾರವಾಗಿತ್ತು. ದಾರಕ್ಕೆ ಕಟ್ಟಿದ ಅಯಸ್ಕಾಂತ ಅದರ ಕಡೆಗೆ ತುಸು ವಾಲಿತು. ಅಷ್ಟನ್ನೇ ನಂಬಿ, ಅಯಸ್ಕಾಂತಕ್ಕೆ ಬಲವಾಗಿ ಅಂಟುವ ಇನ್ನೊಂದು ಕಬ್ಬಿಣದ ಖನಿಜವಾದ ಮ್ಯಾಗ್ನಟೈಟ್ ಎಂದು ಚೀಟಿ ಅಂಟಿಸಿದೆ. ಸಂಜೆ ಮಾದರಿಗಳನ್ನು ನೋಡಿದ ನಮ್ಮ ಮೇಷ್ಟ್ರು, "ಗೀರಿ ನೋಡಿದೆಯೇನಪ್ಪಾ?" ಎಂದಷ್ಟೇ ಕೇಳಿದರು. ಹೊಳಪಿಲ್ಲದ ಪಿಂಗಾಣಿ ಬಿಲ್ಲೆಯ ಮೇಲೆ ಉಜ್ಜಿದಾಗ ಆ ಕಪ್ಪು ಕಲ್ಲು ಎಳೆದದ್ದು ಕಡುಗೆಂಪು ಗೆರೆ. ಮ್ಯಾಗ್ನಟೈಟ್ ಆಗಿದ್ದರೆ ಗೆರೆಯೂ ಕಪ್ಪಾಗಿರಬೇಕಿತ್ತು.

ಮುಂದೆ ಅದೇ ಕಲ್ಲಿನ ಒಂದು ತುಂಡನ್ನು ನುಣುಪುಗೊಳಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಯಸ್ಕಾಂತ ವಾಲಿದ್ದೇಕೆಂದು ತಿಳಿಯಿತು. ಹರಳುಗಳ ಹೊರ ಆಕಾರ ಮ್ಯಾಗ್ನಟೈಟಿನದು, ಒಳಗೆ ತುಂಬಿದ್ದು ಬಹುಪಾಲು ಹೆಮಟೈಟ್, ನಡುವೆ ಅಲ್ಲಲ್ಲಿ ಮಾತ್ರ ಹಳೆಯ ಮ್ಯಾಗ್ನಟೈಟ್ ಉಳಿದಿತ್ತು. ಆಕಾರ ಕೆಡದಂತೆ ಮ್ಯಾಗ್ನಟೈಟ್ ಹೀಗೆ ಉತ್ಕರ್ಷಣಗೊಂಡು, ಅಂದರೆ ಆಮ್ಲಜನಕದೊಂದಿಗೆ ಕೂಡಿ, ಉಂಟಾದ ಹೆಮಟೈಟನ್ನು ಮಾರ್ಟೈಟ್ ಎನ್ನುತ್ತಾರೆ.

ಅಂದಿನಿಂದ ನಾನು ಬಣ್ಣವನ್ನು ಕಡೆಗೆ ನೋಡುತ್ತೇನೆ, ಗೀರನ್ನು ಮೊದಲು. ಹೆಮಟೈಟ್ ಕಲ್ಲಾಗಿ ಕಪ್ಪು, ಬೂದು, ಕೆಂಪು ಹೇಗೇ ಕಂಡರೂ ಅದರ ಪುಡಿ ಮಾತ್ರ ಕೆಂಪು. ಗುಡಿಯ ಗೋಡೆಗಳಿಗೆ ಸುಣ್ಣದ ಪಟ್ಟೆಗಳ ನಡುವೆ ಬಳಿಯುವ ಜಾಜಿನ ಕೆಂಪೂ ಈ ಖನಿಜದ ಪುಡಿಯದೇ. ಗೀರು ಹಳದಿಮಿಶ್ರಿತ ಕಂದಾದರೆ ಗೋಯಥೈಟ್ ಎಂಬ ಮತ್ತೊಂದು ಕಬ್ಬಿಣದ ಖನಿಜ ಇರಬಹುದೆಂದು ಎಚ್ಚರವಹಿಸಬೇಕು. ಸಂಡೂರಿನಲ್ಲಿ ಇವೆರಡೂ ಒಂದೇ ಕಲ್ಲಿನಲ್ಲಿ ಬೆರೆತಿರುವುದುಂಟು. ಬಿಲ್ಲೆ ಸಿಗದಿದ್ದರೆ ನೆಲಹಾಸಿನ ಟೈಲ್ಸಿನ ಹಿಂಬದಿ ಸಾಕು, ಆದರೆ ಮಳೆಬಿಸಿಲಿಗೆ ಸವೆದ ಮೈಯನ್ನಲ್ಲ, ಹೊಸದಾಗಿ ಒಡೆದ ಮೈಯನ್ನು ಉಜ್ಜಬೇಕು.

ಎರಡನೆಯ ಪರೀಕ್ಷೆ ತೂಕದ್ದು; ನನಗೆ ಅತ್ಯಂತ ಪ್ರಿಯವಾದದ್ದೂ ಇದೇ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆಗೆ ತಂದು, ದಾರದಲ್ಲಿ ಕಟ್ಟಿದ ಕಲ್ಲನ್ನು ತಳಕ್ಕೆ ತಾಗದಂತೆ ಪೂರ್ತಿ ಮುಳುಗಿಸಿದರೆ, ತಕ್ಕಡಿ ತೋರಿಸುವ ಗ್ರಾಂಗಳೇ ಕಲ್ಲಿನ ಗಾತ್ರ ಎಷ್ಟು ಘನ ಸೆಂಟಿಮೀಟರ್ ಎಂಬುದನ್ನು ಹೇಳುತ್ತವೆ. 262 ಗ್ರಾಂ ತೂಗುವ ಗಟ್ಟಿ ಅದಿರಿನ ತುಂಡೊಂದು 52 ತೋರಿಸಿತು. ಅಂದರೆ ಸಾಪೇಕ್ಷ ಸಾಂದ್ರತೆ, ಎಂದರೆ ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು, 5.04. ಶುದ್ಧ ಹೆಮಟೈಟಿನದು ಸುಮಾರು 5.26. ಅದೇ ಬೆಟ್ಟದ ಪಟ್ಟೆಪಟ್ಟೆಯ ಕಲ್ಲು 310 ಗ್ರಾಂ ತೂಗಿ 90 ತೋರಿಸಿತು, ಅಂದರೆ 3.44. ಆ ಕಲ್ಲಿನಲ್ಲಿ ಹೆಮಟೈಟ್ ಮತ್ತು 2.65 ಸಾಂದ್ರತೆಯ ಬೆಣಚು ಇವೆರಡೇ ಇವೆಯೆಂದು ಇಟ್ಟುಕೊಂಡರೆ, ಗಾತ್ರದಲ್ಲಿ ಶೇ 30ರಷ್ಟು, ತೂಕದಲ್ಲಿ ಸುಮಾರು ಶೇ 46ರಷ್ಟು ಹೆಮಟೈಟ್ ಎಂದಾಗುತ್ತದೆ. ಹೆಮಟೈಟಿನ ತೂಕದಲ್ಲಿ ಸುಮಾರು ಶೇ 70 ಕಬ್ಬಿಣವಾದ್ದರಿಂದ, ಇಡೀ ಕಲ್ಲಿನಲ್ಲಿ ಕಬ್ಬಿಣ ಶೇ 32ರ ಆಸುಪಾಸು. ಪ್ರಯೋಗಾಲಯದ ವಿಶ್ಲೇಷಣೆಗೆ ಇದು ಸಮವಲ್ಲ, ಆದರೆ ಒಂದು ತಕ್ಕಡಿ ಮತ್ತು ಒಂದು ದಾರದಿಂದ ಇಷ್ಟು ತಿಳಿಯುವುದು ನನಗೆ ಇಂದಿಗೂ ಸಂತೋಷ ಕೊಡುತ್ತದೆ.

ಈ ಖನಿಜ ಹುಟ್ಟಿದ ಬಗೆಯನ್ನು ಹೇಳುವುದೂ ಆ ಪಟ್ಟೆಗಳೇ. ಸುಮಾರು 270 ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು. ವಾತಾವರಣದಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆಯಿದ್ದ ಆ ಕಾಲದಲ್ಲಿ, ಸಮುದ್ರತಳದ ಬಿಸಿನೀರಿನ ಬುಗ್ಗೆಗಳಿಂದ ಬಂದ ಕಬ್ಬಿಣ ನೀರಿನಲ್ಲಿ ಕರಗಿಯೇ ಇರುತ್ತಿತ್ತು. ದ್ಯುತಿಸಂಶ್ಲೇಷಣೆ ನಡೆಸುವ ಸೂಕ್ಷ್ಮಜೀವಿಗಳ ದೆಸೆಯಿಂದ ಅದು ಉತ್ಕರ್ಷಣಗೊಂಡು ತುಕ್ಕಿನಂತೆ ತಳಕ್ಕೆ ಇಳಿಯಿತೆಂದು, ಅದರೊಂದಿಗೆ ಬೆಣಚಿನ ಮೂಲವಸ್ತುವಾದ ಸಿಲಿಕಾ ಪದರಪದರವಾಗಿ ಕೂಡಿಕೊಂಡಿತೆಂದು ಬಹಳಷ್ಟು ಭೂವಿಜ್ಞಾನಿಗಳು ತಿಳಿಯುತ್ತಾರೆ. ಹಾಗೆ ಕೂತ ಕಬ್ಬಿಣ ಒತ್ತಡ ಮತ್ತು ಶಾಖಕ್ಕೆ ಸಿಕ್ಕಿ ಮ್ಯಾಗ್ನಟೈಟ್, ಹೆಮಟೈಟ್‌ಗಳಾಗಿ ಹರಳುಗಟ್ಟಿತು.

ಶೇ 32ರ ಆ ಕಲ್ಲು ಶೇ 60ಕ್ಕೂ ಮೀರಿದ ಅದಿರಾದದ್ದು ಬಹಳ ನಂತರ, ನೀರು ಬಂಡೆಯ ಬಿರುಕುಗಳಲ್ಲಿ ಇಳಿದು ಸಿಲಿಕಾವನ್ನು ಕರಗಿಸಿ ಒಯ್ದಾಗ. ಅದು ಮೇಲಿನಿಂದ ಇಳಿದ ಮಳೆನೀರೋ, ಆಳದಿಂದ ಏರಿದ ಬಿಸಿನೀರೋ ಎಂಬ ಚರ್ಚೆ ಇಂತಹ ಅದಿರುಗಳ ಬಗ್ಗೆ ಇಂದಿಗೂ ಇದೆ. ನಾನು ನೋಡಿದ ಇಳಿಜಾರುಗಳಲ್ಲಿ ಗಟ್ಟಿ ಅದಿರು ಮೇಲ್ಭಾಗದಲ್ಲಿದ್ದು, ಕೆಳಗೆ ಹೋದಂತೆ ಬೆಣಚಿನ ಪಟ್ಟೆಗಳು ಮತ್ತೆ ಕಾಣಿಸಿಕೊಳ್ಳುವುದರಿಂದ ನನ್ನ ಒಲವು ಮಳೆನೀರಿನ ಕಡೆಗಿದೆ. ಬೆಣಚು ಕರಗಿಹೋಗಿ ಅಂಟಿಲ್ಲದೆ ಉಳಿದ ಪದರಗಳೇ ಗಣಿಯವರು ಬ್ಲೂ ಡಸ್ಟ್ ಎಂದು ಕರೆಯುವ ಪುಡಿ ಅದಿರು. ನೆಲದಲ್ಲಿ ಅದು ನೀಲಿಬೂದು ಬಣ್ಣಕ್ಕೆ ಕಾಣುತ್ತದೆ. ಹಿಂದಿನ ಪಟ್ಟೆಗಳ ಗುರುತೂ ಮಾಸಿರುವುದಿಲ್ಲ. ಬೆರಳು ತಾಗಿಸಿದರೆ ಕುಸಿಯುತ್ತದೆ, ಬೆರಳು ಕೆಂಪಾಗುತ್ತದೆ.