ರಾತ್ರಿ ಮಾತ್ರೆಯಿದ್ದರೂ ನಿದ್ದೆ ಕೆಡದಂತೆ ವೇಳೆ ಹೊಂದಿಸುವುದು

ಆರು ಗಂಟೆಗೊಮ್ಮೆ ಮಾತ್ರೆ ಎಂದು ಡಾಕ್ಟರು ಚೀಟಿ ಬರೆದುಕೊಟ್ಟರೆ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಇಷ್ಟು: ಆಸ್ಪತ್ರೆಯಿಂದ ಬಂದು ಮೊದಲ ಮಾತ್ರೆ ಎಷ್ಟು ಗಂಟೆಗೆ ನುಂಗಿದರೋ ಅಲ್ಲಿಂದ ಲೆಕ್ಕ ಶುರು. ಬೆಳಿಗ್ಗೆ 8ಕ್ಕೆ ನುಂಗಿದ್ದರೆ ಮಧ್ಯಾಹ್ನ 2, ರಾತ್ರಿ 8, ಆಮೇಲೆ ನಡುರಾತ್ರಿ 2. ರೋಗಿಯೂ ಏಳಬೇಕು, ನೋಡಿಕೊಳ್ಳುವವರೂ ಏಳಬೇಕು. ನಾಲ್ಕು ದಿನ ಕಳೆಯುವಷ್ಟರಲ್ಲಿ ಇಬ್ಬರಿಗೂ ಕಣ್ಣುರಿ, ಸಿಡುಕು, ಊಟ ಸೇರದು. ಐದನೇ ದಿನ ಅಲಾರಂ ಆರಿಸಿ ಮಲಗಿಬಿಡುತ್ತಾರೆ, ಮಾತ್ರೆ ತಪ್ಪುತ್ತದೆ.

ಅದೇ ಮಾತ್ರೆಯನ್ನು ರಾತ್ರಿ 11, ಬೆಳಿಗ್ಗೆ 5, ಬೆಳಿಗ್ಗೆ 11, ಸಂಜೆ 5 ಎಂದು ಕೂರಿಸಿದರೆ ನಡುರಾತ್ರಿ ಯಾರೂ ಏಳಬೇಕಿಲ್ಲ. ಅಂತರ ಅದೇ ಆರು ಗಂಟೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಾಲು ಕರೆದು ಡೇರಿಗೆ ಹಾಕುವ ಮನೆಗಳಲ್ಲಿ ಐದಕ್ಕೆಲ್ಲ ಹೇಗೂ ಎದ್ದಿರುತ್ತಾರೆ. ಹಾಗಾಗಿ ಮೊದಲು ನಿದ್ದೆಯ ಹೊತ್ತನ್ನು ಗೆರೆ ಎಳೆದು ಬದಿಗಿಡಿ, ಉಳಿದ ಹೊತ್ತಿನಲ್ಲಿ ಮಾತ್ರೆ ಕೂರಿಸಿ. ಬಹುಪಾಲು ಔಷಧಿಗಳಿಗೆ ಇದು ಸಾಧ್ಯ. ಸಾಧ್ಯವಾಗದ ಕೆಲವೂ ಇವೆ, ಅವುಗಳ ವಿಚಾರ ಕೊನೆಗೆ.

ಚೀಟಿಯಲ್ಲಿ ಏನಿದೆ

'ದಿನಕ್ಕೆ ಮೂರು ಸಲ' ಮತ್ತು 'ಎಂಟು ಗಂಟೆಗೊಮ್ಮೆ' ಎರಡೂ ಒಂದೇ ಅಲ್ಲ. 1-1-1 ಎಂದೋ ಟಿಡಿಎಸ್ ಎಂದೋ ಬರೆದಿದ್ದರೆ ಸಾಮಾನ್ಯವಾಗಿ ಮೂರು ಊಟದ ಹೊತ್ತಿಗೆ ತೆಗೆದುಕೊಂಡರೆ ನಡೆಯುತ್ತದೆ. ಎಂಟು ಗಂಟೆಗೊಮ್ಮೆ ಎಂದು ಒತ್ತಿ ಹೇಳಿದ್ದರೆ ರಕ್ತದಲ್ಲಿ ಔಷಧಿಯ ಮಟ್ಟ ಇಳಿಯಬಾರದು ಎಂದರ್ಥ. ಕೆಲವು ಡಾಕ್ಟರು ಎರಡಕ್ಕೂ ಟಿಡಿಎಸ್ ಎಂದೇ ಬರೆಯುತ್ತಾರೆ, ಅದಕ್ಕೇ ಬಾಯಿಬಿಟ್ಟು ಕೇಳಬೇಕು. ಹೀಗೆ ಕೇಳಿ: "ಡಾಕ್ಟ್ರೇ, ಇದಕ್ಕೆ ಗಂಟೆ ಲೆಕ್ಕ ಇದೆಯಾ, ಊಟದ ಲೆಕ್ಕ ಸಾಕಾ? ಅಮ್ಮ ರಾತ್ರಿ ಹತ್ತರಿಂದ ಐದರ ತನಕ ಮಲಗ್ತಾರೆ. ಅವರನ್ನ ಎಬ್ಬಿಸಲೇಬೇಕಾ? ಇದರಲ್ಲೇ ಹೆಚ್ಚು ಹೊತ್ತು ನಿಲ್ಲೋ ಮಾತ್ರೆ ಬರುತ್ತಾ?"

ಮೂರನೇ ಪ್ರಶ್ನೆಯನ್ನು ಕೇಳುವವರೇ ಕಡಿಮೆ. ಸ್ಟ್ರಿಪ್ ಮೇಲೆ ಎಸ್‌ಆರ್, ಸಿಆರ್, ಎಕ್ಸ್‌ಆರ್ ಎಂದಿರುವ ಮಾತ್ರೆಗಳು ಔಷಧಿಯನ್ನು ನಿಧಾನವಾಗಿ ಬಿಡುತ್ತವೆ. ದಿನಕ್ಕೆ ನಾಲ್ಕು ಸಲ ಇದ್ದದ್ದು ಎರಡು ಸಲಕ್ಕೆ ಇಳಿಯಬಹುದು. ಆದರೆ ನುಂಗಲು ಕಷ್ಟ ಎಂದು ಇವನ್ನು ಪುಡಿ ಮಾಡಿಬಿಟ್ಟರೆ ಹನ್ನೆರಡು ಗಂಟೆಯ ಔಷಧಿ ಒಂದೇ ಸಲ ಮೈಗೆ ಸೇರಿ ಅಪಾಯವಾಗುತ್ತದೆ.

ಕೆಲವು ಚಿಕಿತ್ಸೆಗಳಲ್ಲಿ ನಿದ್ದೆಗೆ ಮೊದಲೇ ಜಾಗ ಬಿಟ್ಟಿರುತ್ತಾರೆ. ಸರ್ಪಸುತ್ತಿಗೆ ಕೊಡುವ ಅಸೈಕ್ಲೋವಿರ್ 800 ಮಿಲಿಗ್ರಾಂ ಮಾತ್ರೆ ದಿನಕ್ಕೆ ಐದು ಸಲ. ಅದು ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ನಾಲ್ಕು ಗಂಟೆಗೊಮ್ಮೆ ಎಂದರೆ ಆರು ಸಲ ಆಗಬೇಕಲ್ಲ ಎಂದು ನಡುರಾತ್ರಿ 2ಕ್ಕೂ ಎದ್ದು ನುಂಗುವವರಿದ್ದಾರೆ, ಅದರ ಅಗತ್ಯವಿಲ್ಲ. ಜ್ವರ ಬಂದ ಮಗು ನೆಮ್ಮದಿಯಾಗಿ ಮಲಗಿದ್ದರೆ ಪ್ಯಾರಾಸಿಟಮಾಲ್ ಕೊಡಲೆಂದೇ ಎಬ್ಬಿಸುವುದೂ ಬೇಡ.

ವೇಳೆ ಕೂರಿಸುವುದು

ಹನ್ನೆರಡು ಗಂಟೆಗೊಮ್ಮೆ ಇದ್ದರೆ ಚಿಂತೆಯೇ ಇಲ್ಲ. ಎಂಟು ಗಂಟೆಗೊಮ್ಮೆ ಇದ್ದರೆ ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10. ಆರಕ್ಕಾದರೆ ಮೇಲೆ ಹೇಳಿದ 11-5. ನಾಲ್ಕು ಗಂಟೆಗೊಮ್ಮೆ ಇದ್ದರೆ ರಾತ್ರಿ ಒಮ್ಮೆ ಏಳಲೇಬೇಕು: 10, 2, 6. ಕ್ಯಾನ್ಸರ್ ನೋವಿಗೆ ಕೊಡುವ ಮಾಮೂಲಿ ಮಾರ್ಫಿನ್ ಮಾತ್ರೆ ಈ ಗುಂಪಿನದು. ನಡುರಾತ್ರಿ ಏಳುವುದನ್ನು ತಪ್ಪಿಸಲು ಮಲಗುವ ಹೊತ್ತಿನ ಡೋಸನ್ನು ಹೆಚ್ಚಿಸುವ ಪದ್ಧತಿ ನೋವು, ಸಂಕಟ ತಗ್ಗಿಸುವ ಉಪಶಾಮಕ ಚಿಕಿತ್ಸೆಯಲ್ಲಿ ಇದೆ, ಆದರೆ ಅದನ್ನು ಡಾಕ್ಟರೇ ಬರೆದುಕೊಡಬೇಕು. ಮನೆಯಲ್ಲಿ ನಾವೇ ಎರಡು ಮಾತ್ರೆ ಒಟ್ಟಿಗೆ ಕೊಡುವಂತಿಲ್ಲ.

ಈಗಾಗಲೇ 8-2-8-2ರಲ್ಲಿ ನಡೆಯುತ್ತಿರುವ ಆಂಟಿಬಯಾಟಿಕ್ಕನ್ನು 11-5ಕ್ಕೆ ತರುವುದು ಹೇಗೆ? ಒಂದೇ ಸಲಕ್ಕೆ ಮೂರು ಗಂಟೆ ಜಗ್ಗಬೇಡಿ. ಬೆಳಿಗ್ಗೆ 8ರ ಮಾತ್ರೆಯಿಂದ ಶುರು ಮಾಡಿ ಮೂರು ಸಲ ಏಳೇಳು ಗಂಟೆ ಅಂತರ ಕೊಡಿ. ಮಧ್ಯಾಹ್ನ 3, ರಾತ್ರಿ 10, ಬೆಳಗಿನ ಜಾವ 5. ಅಲ್ಲಿಂದ ಮತ್ತೆ ಆರರ ಲೆಕ್ಕ: 11, 5, 11. ಬೆಳಿಗ್ಗೆಯಿಂದಲೇ ಶುರು ಮಾಡಬೇಕು ಏಕೆಂದರೆ ರಾತ್ರಿ 8ರಿಂದ ಜಗ್ಗಿದರೆ ಮುಂದಿನದು ನಡುರಾತ್ರಿ 3ಕ್ಕೆ ಬೀಳುತ್ತದೆ. ಫಿಟ್ಸ್, ಪಾರ್ಕಿನ್ಸನ್ (ಕೈ ನಡುಗಿ ಮೈ ಬಿಗಿಯುವ ನರರೋಗ), ಕಿಡ್ನಿ ಕಸಿ, ಮಾರ್ಫಿನ್ ಈ ನಾಲ್ಕರಲ್ಲಿ ಮಾತ್ರ ಅರ್ಧ ಗಂಟೆ ಸರಿಸುವುದಿದ್ದರೂ ಡಾಕ್ಟರನ್ನು ಕೇಳಿಯೇ ಮಾಡಿ. ಫಿಟ್ಸ್ ಇರುವವರಿಗೆ ಮಾತ್ರೆ ತಪ್ಪುವುದು ಎಷ್ಟು ಕೆಟ್ಟದ್ದೋ ನಿದ್ದೆ ಕೆಡುವುದೂ ಅಷ್ಟೇ ಕೆಟ್ಟದ್ದು. ಎರಡೂ ಫಿಟ್ಸ್ ಬರಿಸುತ್ತವೆ.

ನರಸಾಪುರ, ವೇಮಗಲ್, ತುಮಕೂರಿನ ವಸಂತನರಸಾಪುರದ ಫ್ಯಾಕ್ಟರಿಗಳಲ್ಲಿ ವಾರವಾರ ಶಿಫ್ಟ್ ಬದಲಾಗುವವರಿಗೆ 'ಬೆಳಿಗ್ಗೆ-ರಾತ್ರಿ' ಎಂಬ ಚೀಟಿಯೇ ಗೊಂದಲ. 6ರಿಂದ 2, 2ರಿಂದ 10, 10ರಿಂದ 6 ಮೂರೂ ಶಿಫ್ಟಿನಲ್ಲಿ ಎಚ್ಚರವಿರುವ ಹೊತ್ತು ಹುಡುಕಿದರೆ ಬೆಳಿಗ್ಗೆ ಏಳೂವರೆ, ಸಂಜೆ ಏಳೂವರೆ ಸಿಗುತ್ತದೆ. ನೈಟ್ ಮುಗಿಸಿ ಬಂದವರು ಇನ್ನೂ ಮಲಗಿರುವುದಿಲ್ಲ, ಬೆಳಗಿನ ಶಿಫ್ಟಿನವರು ಕೆಲಸದಲ್ಲಿರುತ್ತಾರೆ. ಹನ್ನೆರಡು ಗಂಟೆಗೊಮ್ಮೆಯ ಮಾತ್ರೆಯನ್ನು ಅಲ್ಲಿಗೆ ಕಟ್ಟಿಹಾಕಿ ಶಿಫ್ಟ್ ಬದಲಾದರೂ ಕದಲಿಸಬೇಡಿ. ನಿದ್ದೆ ತರುವ ಮಾತ್ರೆ ಮಾತ್ರ ಗಡಿಯಾರ ಬಿಟ್ಟು ನಿಮ್ಮ ನಿದ್ದೆಯ ಜೊತೆ ಸರಿಯಬೇಕು. ಅದನ್ನು ನುಂಗಿ ಮೆಷಿನ್ ಮುಂದೆ ನಿಲ್ಲುವುದಾಗಲಿ, ಬೈಕು ಹತ್ತುವುದಾಗಲಿ ಕೂಡದು.

ಎಬ್ಬಿಸುವುದು ಅಲಾರಂ ಅಲ್ಲ, ಔಷಧಿಯೇ ಆಗಿದ್ದರೆ

ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಸಂಜೆ ನುಂಗಿದರೆ ನಡುರಾತ್ರಿವರೆಗೂ ಕಣ್ಣು ಮುಚ್ಚುವುದಿಲ್ಲ. ದಿನಕ್ಕೊಮ್ಮೆ ಎಂದಿದ್ದರೆ ಬೆಳಿಗ್ಗೆ ತಿಂಡಿ ಆದ ಕೂಡಲೇ ಮುಗಿಸಿ. ನೀರು ಇಳಿಸುವ ಫ್ಯೂರೊಸೆಮೈಡ್ ಸುಮಾರು ಆರು ಗಂಟೆ ಕೆಲಸ ಮಾಡುತ್ತದೆ. ಎರಡನೇ ಮಾತ್ರೆಯನ್ನು ರಾತ್ರಿ ಊಟದ ಜೊತೆ ಕೊಟ್ಟರೆ ಇಡೀ ರಾತ್ರಿ ಬಚ್ಚಲಿಗೆ ಓಡಾಟ, ಕತ್ತಲಲ್ಲಿ ಜಾರಿ ಬೀಳುವ ಭಯ ಬೇರೆ. ಅದನ್ನು ಮಧ್ಯಾಹ್ನ ಎರಡು-ಮೂರಕ್ಕೆ ತರಬಹುದೇ ಎಂದು ಕೇಳಿ. ದಮ್ಮಿನ ಮಾತ್ರೆಗಳಲ್ಲಿ ಥಿಯೋಫಿಲಿನ್, ಸಾಲ್ಬುಟಮಾಲ್ ಎರಡೂ ಎದೆ ಡವಗುಟ್ಟಿಸಿ ನಿದ್ದೆ ಕೆಡಿಸಬಲ್ಲವು.

ಸಕ್ಕರೆ ಕಾಯಿಲೆಯವರು ರಾತ್ರಿ ಇನ್ಸುಲಿನ್ ತೆಗೆದುಕೊಂಡು ಎರಡು-ಮೂರು ಗಂಟೆಗೆ ಬೆವೆತು, ಕೆಟ್ಟ ಕನಸು ಕಂಡು ಏಳುತ್ತಿದ್ದರೆ ಅದನ್ನು ನಿದ್ದೆಯ ತೊಂದರೆ ಎಂದು ತಳ್ಳಿಹಾಕಬೇಡಿ. ಆ ಹೊತ್ತಿಗೆ ಒಮ್ಮೆ ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಬೆಳಿಗ್ಗೆ ಡಾಕ್ಟರಿಗೆ ತಿಳಿಸಿ, ಡೋಸ್ ಬದಲಾಗಬೇಕು.

ಪಾರ್ಕಿನ್ಸನ್ ಇರುವವರ ರಾತ್ರಿ ಬೇರೆಯೇ ಥರ. ಇದಕ್ಕೆ ಕೊಡುವ ಲೆವೊಡೋಪಾ ಕೆಲವೇ ಗಂಟೆಗಳಲ್ಲಿ ಇಳಿದುಹೋಗುತ್ತದೆ. ರಾತ್ರಿ 8ರ ಮಾತ್ರೆಯ ಬಲ ಮುಗಿದ ಮೇಲೆ ಮಗ್ಗುಲು ತಿರುಗಲೂ ಆಗದೆ ಮೈ ಮರಗಟ್ಟಿ ಎಚ್ಚರವಾಗುತ್ತದೆ. ಮಲಗುವಾಗ ಸಿಆರ್ ಮಾತ್ರೆ ಸೇರಿಸಬಹುದೇ ಎಂದು ನರರೋಗ ತಜ್ಞರನ್ನು ಕೇಳಲೇಬೇಕು. ಬೆಳಗಿನ ಮೊದಲ ಮಾತ್ರೆ ಹಾಸಿಗೆಯ ಪಕ್ಕದಲ್ಲೇ ಇರಲಿ. ಐದೂವರೆಗೆ ಎದ್ದು ಕೂರಿಸಿ ನುಂಗಿಸಿ, ಮತ್ತೆ ಮಲಗಲು ಬಿಡಿ. ಅರ್ಧ ಮುಕ್ಕಾಲು ಗಂಟೆಯಲ್ಲಿ ಮೈ ಸಡಿಲವಾದಾಗ ತಾವೇ ಏಳುತ್ತಾರೆ. ಊಟದ ಪ್ರೋಟೀನು ಈ ಔಷಧಿಯನ್ನು ಒಳಗೆ ಹೋಗಗೊಡದು. ಅವರೆಕಾಯಿ ಕಾಲದಲ್ಲಿ ದಿನಾ ರಾತ್ರಿ ಹಿತಕಿದಬೇಳೆ ಸಾರು ಉಂಡು ಅದರ ಹಿಂದೆಯೇ ಮಾತ್ರೆ ನುಂಗಿದರೆ ಆ ರಾತ್ರಿ ಮಾತ್ರೆ ಕೆಲಸ ಮಾಡಿದಂತೆಯೇ ಕಾಣುವುದಿಲ್ಲ. ಸಾರು ಬಿಡಬೇಕಿಲ್ಲ, ಮಾತ್ರೆ ಊಟಕ್ಕಿಂತ ಅರ್ಧ ಗಂಟೆ ಮೊದಲಿರಲಿ.

ಏಳಲೇಬೇಕಾದ ರಾತ್ರಿ

ಗಾಢ ನಿದ್ದೆ ಹೆಚ್ಚಾಗಿ ಮಲಗಿದ ಮೊದಲ ಮೂರು-ನಾಲ್ಕು ಗಂಟೆಯಲ್ಲೇ ಬರುತ್ತದೆ. ಹತ್ತಕ್ಕೆ ಮಲಗುವವರನ್ನು ಹನ್ನೆರಡಕ್ಕೆ ಎಬ್ಬಿಸುವುದಕ್ಕಿಂತ ಎರಡಕ್ಕೆ ಎಬ್ಬಿಸುವುದು ಲೇಸು. ಎದ್ದ ಮೇಲೆ ಮೂರು ನಿಮಿಷದಲ್ಲಿ ಮತ್ತೆ ತಲೆ ದಿಂಬಿಗೆ ತಾಗಬೇಕು. ಅದಕ್ಕೆ ಬೇಕಾದ ತಯಾರಿಯೆಲ್ಲ ಸಂಜೆಯೇ, ಟ್ಯೂಬ್‌ಲೈಟ್ ಬೆಳಕಲ್ಲೇ ಆಗಬೇಕು.

ಒಂದು ಸಣ್ಣ ಸ್ಟೀಲ್ ತಟ್ಟೆ ಇಟ್ಟುಕೊಳ್ಳಿ. ಅದರಲ್ಲಿ ಆ ರಾತ್ರಿಯ ಮಾತ್ರೆ ಮಾತ್ರ ಇರಲಿ, ಇಡೀ ಸ್ಟ್ರಿಪ್ ಬೇಡ. ಮಾತ್ರೆಯನ್ನು ಕವಚದ ಸಮೇತ ಕತ್ತರಿಯಿಂದ ಕತ್ತರಿಸಿ, ಮುಚ್ಚಳವಿರುವ ಪುಟ್ಟ ಡಬ್ಬಿಯಲ್ಲಿಟ್ಟು ಮುಚ್ಚಳದ ಮೇಲೆ ಮಾರ್ಕರ್‌ನಿಂದ ದೊಡ್ಡದಾಗಿ '2' ಎಂದು ಬರೆಯಿರಿ. ಕವಚದ ಸಮೇತ ನುಂಗಿಬಿಡುವಷ್ಟು ಕಣ್ಣು ಮಂಜಾದ ಹಿರಿಯರಿದ್ದರೆ ಮಾತ್ರೆಯನ್ನು ಬಿಡಿಸಿಯೇ ಇಡಿ. ಪಕ್ಕದಲ್ಲಿ ಮುಚ್ಚಿದ ಲೋಟದಲ್ಲಿ ಅರ್ಧ ಲೋಟ ನೀರು. ನುಂಗಿದ ಕೂಡಲೇ ಡಬ್ಬಿಯನ್ನು ಬೋರಲು ಹಾಕಿ. ಬೆಳಿಗ್ಗೆ "ತಗೊಂಡ್ಯಾ ಅಪ್ಪ?" "ತಗೊಂಡೆ ಅನ್ಸತ್ತೆ ಕಣಮ್ಮ" ಎಂಬ ಮಾತು ಬಂದಾಗ ಬೋರಲಾದ ಡಬ್ಬಿಯೇ ಸಾಕ್ಷಿ. ನಿದ್ದೆಗಣ್ಣಲ್ಲಿ ನುಂಗಿ, ಮರೆತು, ಇನ್ನೊಂದು ನುಂಗುವ ಅನಾಹುತ ಇದರಿಂದ ತಪ್ಪುತ್ತದೆ.

ಬೆಳಕಿಗೆ ಜೀರೋ ಬಲ್ಬ್ ಸಾಕು, ಹಳದಿಯದೋ ಕೆಂಪಿನದೋ ಇರಲಿ. ಬಿಳಿ ಎಲ್‌ಇಡಿ ಹಾಕಿದರೆ ಮಿದುಳು ಬೆಳಗಾಯಿತೆಂದು ಎಣಿಸುತ್ತದೆ. ಕರೆಂಟು ಹೋಗುವ ಊರಾದರೆ ಟಾರ್ಚು ತಟ್ಟೆಯಲ್ಲೇ ಇರಲಿ. ಮೊಬೈಲ್ ರಾತ್ರಿ ಒಂಬತ್ತಕ್ಕೇ ಚಾರ್ಜ್ ಆಗಿರಲಿ. ಏರೋಪ್ಲೇನ್ ಮೋಡ್‌ನಲ್ಲಿಟ್ಟರೂ ಅಲಾರಂ ಹೊಡೆಯುತ್ತದೆ, ಬೇರೆ ಸದ್ದು ಬರುವುದಿಲ್ಲ. ಕಿವಿ ಮಂದವಿರುವವರು ಮೊಬೈಲನ್ನು ಖಾಲಿ ಸ್ಟೀಲ್ ಬೋಸಿಯಲ್ಲಿಟ್ಟರೆ ಸದ್ದು ಜೋರಾಗುತ್ತದೆ. ಎದ್ದಾಗ ಗಂಟೆ ನೋಡುವುದು, ಮೆಸೇಜ್ ನೋಡುವುದು, ಮಾತಿಗೆ ಕೂರುವುದು ಬೇಡ.

ಊಟದ ನಂತರದ ಮಾತ್ರೆ ನಡುರಾತ್ರಿ ಬಿದ್ದರೆ ಎರಡು ಬಿಸ್ಕತ್ತೋ ಒಂದು ಏಲಕ್ಕಿ ಬಾಳೆಹಣ್ಣೋ ಸಾಕು. ಹಾಲಿನ ಜೊತೆ ನುಂಗುವ ರೂಢಿ ನಮ್ಮ ಕಡೆ ಬಹಳ. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್, ಕಬ್ಬಿಣದ ಮಾತ್ರೆ, ಥೈರಾಯ್ಡ್ ಮಾತ್ರೆ ಈ ನಾಲ್ಕಕ್ಕೆ ಹಾಲು ಆಗದು, ಹಾಲಿನ ಕ್ಯಾಲ್ಸಿಯಂ ಅವನ್ನು ಹಿಡಿದಿಟ್ಟುಕೊಳ್ಳುತ್ತದೆ. ಡಾಕ್ಸಿಸೈಕ್ಲಿನ್ ಅನ್ನಂತೂ ಮಲಗುವ ಹೊತ್ತಿಗೆ ಇಟ್ಟುಕೊಳ್ಳಲೇಬೇಡಿ. ಒಂದು ಗುಟುಕು ನೀರಲ್ಲಿ ನುಂಗಿ ಮಲಗಿದರೆ ಅನ್ನನಾಳದಲ್ಲಿ ಅಂಟಿಕೊಂಡು ಹುಣ್ಣಾಗುತ್ತದೆ. ತುಂಬಿದ ಲೋಟ ನೀರು ಕುಡಿದು ಅರ್ಧ ಗಂಟೆ ಕೂತಿರಬೇಕು. ಮಗುವಿಗೆ ಸಿರಪ್ ಕೊಡುವಾಗಲೂ ಮಲಗಿಸಿ ಕೊಡಬಾರದು. ತೊಡೆಯ ಮೇಲೆ ಒರಗಿಸಿ ಕೂರಿಸಿ, ಸಿರಿಂಜನ್ನು ಒಳಗೆನ್ನೆಯ ಕಡೆಗಿಟ್ಟು ಸ್ವಲ್ಪ ಸ್ವಲ್ಪವಾಗಿ ಬಿಡಿ.

ಏನು ಮಾಡಿದರೂ ತಪ್ಪಿಸಲಾಗದ ರಾತ್ರಿ ಕಣ್ಣಿನ ಹುಣ್ಣಿನದು. ರಾಗಿ ಒಕ್ಕಣೆಯಲ್ಲಿ ಹೊಟ್ಟು ಬಿದ್ದು ಕರಿಗುಡ್ಡೆಯ ಮೇಲೆ ಹುಣ್ಣಾದರೆ ಮೊದಮೊದಲು ಗಂಟೆಗೊಮ್ಮೆ, ಹಗಲೂ ರಾತ್ರಿ ಡ್ರಾಪ್ಸ್ ಹಾಕಲು ಹೇಳುವುದುಂಟು. ಇಲ್ಲಿ ರಿಯಾಯಿತಿ ಕೇಳಬೇಡಿ, ದೃಷ್ಟಿಯೇ ಹೋಗಬಹುದು. ರೋಗಿ ಪೂರ್ತಿ ಏಳಬೇಕಿಲ್ಲ. ಮಲಗಿದ್ದಂತೆಯೇ, ಕೈ ಸೋಪಿನಲ್ಲಿ ತೊಳೆದು, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಆ ಸಂದಿಗೆ ಒಂದು ಹನಿ ಬಿಡಿ. ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ಶಿಲೀಂಧ್ರದ ಸೋಂಕಿಗೆ ಕೊಡುವ ನಾಟಮೈಸಿನ್ ಡ್ರಾಪ್ಸ್ ಬಾಟಲಿ ಕುಲುಕಿಯೇ ಹಾಕಬೇಕು. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಇರಲಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ನೋಡಿಕೊಳ್ಳುವವರು ಪಾಳಿ ಹಾಕಿಕೊಳ್ಳಿ: ರಾತ್ರಿ ಹತ್ತರಿಂದ ಎರಡು ಮಗ, ಎರಡರಿಂದ ಆರು ಸೊಸೆ, ಹೀಗೆ. ಇಬ್ಬರೂ ಇಡೀ ರಾತ್ರಿ ಕೂರುವುದರಿಂದ ಮೂರನೇ ದಿನಕ್ಕೆ ಇಬ್ಬರೂ ತೂಕಡಿಸುತ್ತಾರೆ. ರೇಷ್ಮೆ ಹುಳು ಸಾಕುವ ಮನೆಯವರಿಗೆ ಪಾಳಿಯ ಕಷ್ಟ ಹೇಳಿಕೊಡಬೇಕಿಲ್ಲ.

ಅಲಾರಂ ಕೇಳದೆ ಮಲಗಿಬಿಟ್ಟರೆ, ಮುಂದಿನ ಡೋಸಿಗೆ ಅರ್ಧಕ್ಕಿಂತ ಹೆಚ್ಚು ಹೊತ್ತು ಉಳಿದಿದ್ದಾಗ ಎದ್ದ ಕೂಡಲೇ ನುಂಗುವುದು ಸಾಮಾನ್ಯ ಕ್ರಮ. ಅಷ್ಟು ಹೊತ್ತಿಲ್ಲದಿದ್ದರೆ ಬಿಟ್ಟು ಮುಂದಿನದನ್ನು ಸರಿಯಾದ ಹೊತ್ತಿಗೆ ತೆಗೆದುಕೊಳ್ಳಿ. ತಪ್ಪಿದ್ದನ್ನು ತುಂಬಲು ಎರಡು ಒಟ್ಟಿಗೆ ಎಂದೂ ಬೇಡ.

ನಿದ್ದೆ ಬರಲಿಲ್ಲವೆಂದು ಮನೆಯಲ್ಲಿ ಯಾರಿಗೋ ಬರೆದುಕೊಟ್ಟಿದ್ದ ಆಲ್‌ಪ್ರಾಜೋಲಾಮ್ ನುಂಗಬೇಡಿ. ಮಾರ್ಫಿನ್, ಟ್ರಮಡಾಲ್, ಗ್ಯಾಬಪೆಂಟಿನ್, ಹೆಂಡ ಇವುಗಳಲ್ಲಿ ಯಾವುದರ ಜೊತೆ ಸೇರಿದರೂ ಉಸಿರಾಟ ಕುಗ್ಗುತ್ತದೆ. ರಾತ್ರಿ ಡೋಸಿಗೆ ಎಬ್ಬಿಸಲು ಹೋದಾಗ ತಟ್ಟಿದರೂ ಎಚ್ಚರವಾಗದಿದ್ದರೆ, ಉಸಿರು ತೀರ ನಿಧಾನವಾಗಿದ್ದರೆ, ತುಟಿ ನೀಲಿಗಟ್ಟಿದ್ದರೆ ಬಾಯಿಗೆ ಏನನ್ನೂ ಹಾಕದೆ, ಒಂದು ಮಗ್ಗುಲಿಗೆ ಹೊರಳಿಸಿ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಹತ್ತುವಾಗ ತಟ್ಟೆಯಲ್ಲಿರುವ ಡಬ್ಬಿ, ಸ್ಟ್ರಿಪ್, ಚೀಟಿ ಎಲ್ಲವನ್ನೂ ಒಂದು ಕವರಿಗೆ ಸುರಿದು ಜೊತೆಗೇ ತೆಗೆದುಕೊಂಡು ಹೋಗಿ.