ಬಣ್ಣ ಬಳಿದು ಕೆಟ್ಟೆ, ಹೊಲಿದು ಗೆದ್ದೆ: ಕಡಲ್ಗಳ್ಳರ ಬಾವುಟ ಮಾಡಿದ ನನ್ನ ಅನುಭವ

"ಬುರುಡೆ ಹೊಲೀತೀರಾ? ಪ್ರಿಂಟ್ ಹಾಕಿಸಿ ಸಾರ್, ಅರ್ಧ ದಿನದ ಕೆಲಸ" ಎಂದವರೇ ಎಲ್ಲ. ನಾಟಕಕ್ಕೆ ಪ್ರಾಪ್ಸ್, ಅಂದರೆ ರಂಗದ ಮೇಲೆ ಬಳಸುವ ಸಾಮಾನು, ಮಾಡುವವರಿಗೆ ಇಂಥ ಬುದ್ಧಿಮಾತು ಹೊಸದಲ್ಲ, ಬಿಡಿ. ಮೊನ್ನೆ ಬಯಲು ರಂಗಮಂದಿರದಲ್ಲಿ ಬಾವುಟ ಬಿಚ್ಚಿಕೊಂಡಾಗ ಕೊನೇ ಸಾಲಿನ ಮಗುವೊಂದು "ಬುರುಡೆ! ಬುರುಡೆ!" ಎಂದು ಕೂಗಿತು. ಆಮೇಲೆ ಯಾರೂ ಪ್ರಿಂಟಿನ ಸುದ್ದಿ ಎತ್ತಲಿಲ್ಲ.

ಮೊದಲು ಕೆಡಿಸಿದ್ದನ್ನು ಹೇಳುತ್ತೇನೆ. ಕಪ್ಪು ಬಟ್ಟೆಗೆ ಬಿಳಿ ಫ್ಯಾಬ್ರಿಕ್ ಪೇಂಟ್ ಬಳಿದೆ. ಒಂದು ಪದರಕ್ಕೆ ಬೂದಿ ಬಣ್ಣ. ಮೂರು ಪದರಕ್ಕೆ ಹಪ್ಪಳ. ಬಾವುಟ ಹಾರಲೇ ಇಲ್ಲ, ಮಡಿಸಿದ ಕಡೆಯೆಲ್ಲ ಬಿರುಕು. ಸುಮಾರು 800 ರೂಪಾಯಿ ನೀರಿಗೆ ಹೋಯಿತು. ಎರಡನೇ ಸಲ ಬಿಳಿ ಬಟ್ಟೆಯ ಬುರುಡೆ ಕತ್ತರಿಸಿ ಗೋಂದಿನಲ್ಲಿ ಅಂಟಿಸಿದೆ. ತಾಲೀಮಿನ ದಿನ ತುಂತುರು ಮಳೆ. ಕಪ್ಪು ಬಣ್ಣ ಬಿಟ್ಟು ಬುರುಡೆ ನೇರಳೆಯಾಯಿತು. ನಿರ್ದೇಶಕರು "ಇದೇನ್ರೀ, ಬದನೆಕಾಯಾ?" ಅಂದರು.

ಅವರು ಕೇಳಿದ್ದು ಬುರುಡೆಯ ಕೆಳಗೆ ಎರಡು ಕತ್ತಿ, ಕಡಲ್ಗಳ್ಳ ಕ್ಯಾಲಿಕೋ ಜ್ಯಾಕ್‌ನ ಬಾವುಟ ಅಂತಾರಲ್ಲ, ಅದು. ಅವನನ್ನು 1720ರಲ್ಲಿ ಜಮೈಕಾದಲ್ಲಿ ನೇಣಿಗೆ ಹಾಕಿದರು. ಆ ಕತ್ತಿಗಳನ್ನು ಅವನ ಹೆಸರಿಗೆ ಕಟ್ಟಿದ್ದು ಎಷ್ಟೋ ಕಾಲದ ನಂತರದವರು. ನನಗೆ ಬೇಕಿದ್ದದ್ದು ಕಣ್ಣಾರೆ ಕಂಡವರು ಬರೆದಿಟ್ಟ ಬಾವುಟ. 1700ರ ಜುಲೈನಲ್ಲಿ ಕೇಪ್ ವರ್ಡ್ ದ್ವೀಪಗಳ ಹತ್ತಿರ ಇಂಗ್ಲಿಷರ ಯುದ್ಧನೌಕೆ ಪೂಲ್, ಫ್ರೆಂಚ್ ಕಡಲ್ಗಳ್ಳ ಇಮ್ಯಾನುಯೆಲ್ ವಿನ್‌ನ ಬೆನ್ನು ಹತ್ತಿತ್ತು. ಅದರ ಕ್ಯಾಪ್ಟನ್ ಕ್ರಾನ್‌ಬಿ ಹಡಗಿನ ದಿನಚರಿಯಲ್ಲಿ ಬರೆದ: ಕಪ್ಪು ಬಾವುಟ, ಅಡ್ಡ ಮೂಳೆ, ಬುರುಡೆ, ಮರಳು ಗಡಿಯಾರ. ನಿನ್ನ ಹೊತ್ತು ಮುಗೀತಾ ಬಂತು, ಸುಮ್ನೆ ಶರಣಾಗು ಅಂತ ಅದರ ಅರ್ಥ. ಫಿರಂಗಿ ಹಾರಿಸಿದರೆ ಹಡಗೂ ಹಾಳು, ಸರಕೂ ಹಾಳು. ಬುರುಡೆ ನೋಡಿಯೇ ಎದುರಿನವರು ಕೈಯೆತ್ತಿದರೆ ಲಾಭ ಜಾಸ್ತಿ ಅಲ್ವಾ? ಹಾಗಾಗಬೇಕಾದರೆ ಅದು ದೂರಕ್ಕೆ ಕಾಣಬೇಕು, ಎರಡೂ ಕಡೆಯಿಂದ ಕಾಣಬೇಕು. ಬಣ್ಣದ ಕೆಲಸ ಬಿಟ್ಟದ್ದು ಅಲ್ಲಿಗೆ.

ಬಿಳಿ ಕಾಟನ್ ಬುರುಡೆಯನ್ನು ಕಪ್ಪಿನ ಮೇಲಿಟ್ಟು ಅಂಚಿಗೂ ಕಣ್ಣಿನ ಸುತ್ತಲೂ ಜಿಗ್‌ಜಾಗ್ ಹೊಲಿಗೆ ಹೊಡೆದೆ. ಮುಂದಿನಿಂದ ಕಣ್ಣಿನ ಬಿಳಿ ತೆಗೆದೆ. ಬಟ್ಟೆ ತಿರುಗಿಸಿ, ಕಣ್ಣಿನದನ್ನು ಬಿಟ್ಟು ಬುರುಡೆಯ ಹಿಂದಿನ ಕಪ್ಪನ್ನೆಲ್ಲ ಕತ್ತರಿಸಿದೆ. ಹೇಳೋದು ಸುಲಭ. ಮೊದಲ ಸಲ ಮಾತಾಡುತ್ತಾ ಕತ್ತರಿ ಆಡಿಸಿ ಎಡಗಣ್ಣಿನ ಕಪ್ಪನ್ನೂ ತೆಗೆದುಬಿಟ್ಟೆ. ಎತ್ತಿ ಹಿಡಿದರೆ ಬುರುಡೆಯ ಕಣ್ಣಲ್ಲಿ ಆಕಾಶ!

ಕಣ್ಣಿನ ಅಳತೆಯೂ ಸತಾಯಿಸಿತು. ವೈದ್ಯಕೀಯ ಪುಸ್ತಕದ ಚಿತ್ರ ನೋಡಿ ಮಾಡಿದ್ದು ನೂರು ಅಡಿ ದೂರದಿಂದ ಬೇಯಿಸಿದ ಮೊಟ್ಟೆ ಥರ ಇತ್ತು. ಕಣ್ಣು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿದೆ, ಕೆಳದವಡೆ ಕಿತ್ತೆ, ಹದಿನಾಲ್ಕು ಹಲ್ಲನ್ನು ಆರಕ್ಕೆ ಇಳಿಸಿದೆ. ಆಗ ಬುರುಡೆಗೆ ಜೀವ ಬಂತು. ಕಪ್ಪು ಬಿಡದಂತೆ ಬಟ್ಟೆಗೆ ಏನು ಮಾಡಿದೆ ಎಂದು ಮಾತ್ರ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು. ಉಪ್ಪಲ್ಲ, ವಿನೆಗರ್ ಅಲ್ಲ, ಅಷ್ಟೇ.

ಕೆಟ್ಟದ್ದೂ ಸೇರಿ ಖರ್ಚು 2,000ದ ಆಸುಪಾಸು. ಒಪ್ಪಿದ್ದು 3,500. ಬಂದದ್ದು 3,000. ಉಳಿದ 500 "ಮುಂದಿನ ಪ್ರಯೋಗಕ್ಕೆ".

ನಡುವೆ ಇನ್ನೊಂದು ಹುಚ್ಚು. 1718ರ ನವೆಂಬರ್‌ನಲ್ಲಿ ಬ್ರಿಟಿಷ್ ನೌಕಾಪಡೆಯ ಲೆಫ್ಟಿನೆಂಟ್ ಮೇನಾರ್ಡ್ ಕಡೆಯವರು ಅಮೆರಿಕದ ಓಕ್ರಕೋಕ್ ದ್ವೀಪದ ಹತ್ತಿರ ಕಡಲ್ಗಳ್ಳ ಬ್ಲ್ಯಾಕ್‌ಬಿಯರ್ಡ್‌ನನ್ನು ಕೊಂದು, ತಲೆ ಕಡಿದು ಹಡಗಿನ ಮುಂಗಂಬಕ್ಕೆ ನೇತುಹಾಕಿದರು. ಆ ಬುರುಡೆಗೆ ಬೆಳ್ಳಿ ಕಟ್ಟಿಸಿ ಕುಡಿಯುವ ಬಟ್ಟಲು ಮಾಡಿಕೊಂಡರು ಅಂತ ಒಂದು ದಂತಕಥೆ. ನಾನು ತೆಂಗಿನ ಚಿಪ್ಪಿಗೆ ಬೆಳ್ಳಿ ಪೇಪರ್ ಸುತ್ತಿದೆ. ಕಣ್ಣಂತೂ ಅದಕ್ಕೇ ಇದೆ! ಮಜ್ಜಿಗೆ ಹಾಕಿ ನೋಡಿದರೆ ಮೂರನೇ ಕಣ್ಣಿಂದ ಸೋರಿ ಅಂಗಿಯೆಲ್ಲ ಒದ್ದೆ.

ಈಗ ಇನ್ನೊಬ್ಬ ಕಡಲ್ಗಳ್ಳ ಬಾರ್ಥಲೊಮ್ಯೂ ರಾಬರ್ಟ್ಸ್‌ನ ಬಾವುಟ ಹಿಡಿದಿದ್ದೇನೆ. ಅವನು ಎರಡು ಬುರುಡೆಗಳ ಮೇಲೆ ನಿಂತಿರುತ್ತಾನೆ. ಒಂದರ ಕೆಳಗೆ ಎ ಬಿ ಎಚ್, ಇನ್ನೊಂದರ ಕೆಳಗೆ ಎ ಎಂ ಎಚ್. ತನ್ನನ್ನು ಹಿಡಿಯಲು ಹಡಗು ಕಳಿಸಿದ ಬಾರ್ಬಡೋಸ್ ದ್ವೀಪದವನ ತಲೆ, ಮಾರ್ಟಿನಿಕ್ ದ್ವೀಪದವನ ತಲೆ ಅಂತ. ನನ್ನ ಹೊಲಿಗೆಯಲ್ಲಿ ಹಿಂದಿನಿಂದ ಎಲ್ಲ ತಿರುಗುಮುರುಗು. ಎ, ಎಂ, ಎಚ್ ಉಲ್ಟಾ ಆದರೂ ಅವೇ ಅಕ್ಷರ, ಸಾಲು ಮಾತ್ರ ಎಚ್ ಎಂ ಎ ಆಗುತ್ತೆ. ಬಿ ಹತ್ತಿರ ಸಿಕ್ಕಿಬಿದ್ದು ಒಂದು ವಾರವಾಯಿತು.