ಒಂದು ಹಂದಿಗೆ ಒಂದೂವರೆ ಸಾವಿರ

ನಮ್ಮದು ಕಾಸರಗೋಡಿನ ಒಳನಾಡು. ಅಡಿಕೆ, ಬಾಳೆ, ನಡುವೆ ಸ್ವಲ್ಪ ಮರಗೆಣಸು. ಅಪ್ಪನ ಕಾಲದ ಕೋವಿಯ ಲೈಸೆನ್ಸ್ ಈಗ ನನ್ನ ಹೆಸರಿನಲ್ಲಿದೆ. ಹಾಗಾಗಿ ಬೆಳೆ ಹಾಳು ಮಾಡುವ ಕಾಡುಹಂದಿಗಳನ್ನು ಹೊಡೆಯುವವರ ಪಂಚಾಯತಿನ ಪಟ್ಟಿಯಲ್ಲಿ ನಾನೂ ಒಬ್ಬ.

ಮೊದಲು ಇದಕ್ಕೆ ಅರಣ್ಯ ಇಲಾಖೆಯ ಅಪ್ಪಣೆ ಬೇಕಿತ್ತು. 2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಆ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಿಗೂ ಕೊಟ್ಟಿತು. ವಿಷ, ಸ್ಫೋಟಕ, ಕರೆಂಟು ಯಾವುದೂ ಕೂಡದು, ಲೈಸೆನ್ಸ್ ಇರುವ ಕೋವಿ ಮಾತ್ರ. ಹೊಡೆದವನಿಗೆ 1000 ರೂಪಾಯಿ ಇದ್ದದ್ದು 2025ರಲ್ಲಿ 1500 ಆಯಿತು. ಸತ್ತ ಹಂದಿಯನ್ನು ಹೂಳುವುದಕ್ಕೆ 2000ದವರೆಗೆ. ಹೊಡೆಯುವುದಕ್ಕಿಂತ ಹೂಳುವುದಕ್ಕೆ ಜಾಸ್ತಿಯಾ ಅಂತ ನಕ್ಕಿದ್ದೆ. ಗುಂಡಿ ತೋಡುವವರೆಗೆ.

ನೆರೆಮನೆಯವರ ಗೆಣಸಿನ ಗದ್ದೆಗೆ ಎರಡು ರಾತ್ರಿ ಸುಮ್ನೆ ಕಾದೆ. ಗಾಳಿ ನನ್ನ ಬೆನ್ನಿಗಿತ್ತು, ಹಂದಿಗೆ ವಾಸನೆ ಸಿಕ್ಕಿರಬೇಕು. ಮೂರನೇ ರಾತ್ರಿ ಜಾಗ ಬದಲಿಸಿ ನೀರಿನ ತೋಡಿನ ಆಚೆ ಕೂತೆ. ಒಂದು ಗಂಟೆ ಕಳೆದಿತ್ತು. ಗೆಣಸಿನ ದಂಟು ಪಟ್ ಅಂತ ಮುರಿದ ಸದ್ದು, ಹಿಂದೆಯೇ ಗೊರ ಗೊರ. ಆದರೂ ಹೊಡೆಯಲಿಲ್ಲ. ಹಂದಿಯ ಹಿಂದೆ ಮನೆಯ ದಾರಿ ಇತ್ತು. ಅದು ಮಣ್ಣಿನ ದರೆಯ ಬುಡಕ್ಕೆ ಸರಿದು ಅಡ್ಡ ನಿಲ್ಲುವವರೆಗೆ ಕಾದು, ಮುಂಗಾಲಿನ ಹಿಂದಕ್ಕೆ ಒಂದೇ ಈಡು. ಹತ್ತು ಹೆಜ್ಜೆ ಓಡಿ ಬಿತ್ತು.

ಆಮೇಲೆ ನಿಜವಾದ ಕೆಲಸ. ನಮ್ಮದು ಮುರಕಲ್ಲಿನ ನೆಲ. ಪಿಕ್ಕಾಸು ಹೊಡೆದರೆ ಕಿಡಿ ಹಾರುತ್ತದೆ. ಮೂರು ಜನ ಸೇರಿ ಗುಂಡಿ ಮುಗಿಸುವಾಗ ಕೋಳಿ ಕೂಗಿತು. ಮಾಂಸ ಯಾರೂ ಒಯ್ಯಬಾರದು ಅಂತ ಮೇಲಿನಿಂದ ಚಿಮಿಣಿ ಎಣ್ಣೆ ಸುರಿಯಬೇಕು.

"ಇಷ್ಟನ್ನೂ ಮಣ್ಣಿಗೆ ಹಾಕುವುದಾ ಅಣ್ಣೇರೇ?" ಅಂದ ಗುಂಡಿ ತೋಡಲು ಬಂದವನು. ನನ್ನಲ್ಲಿ ಉತ್ತರ ಇರಲಿಲ್ಲ. ಹಂದಿಯನ್ನು ಪೀಡೆ ಪ್ರಾಣಿ, ಅಂದರೆ ಕಾನೂನಿನ ರಕ್ಷಣೆ ಇಲ್ಲದ ಪ್ರಾಣಿ, ಅಂತ ಘೋಷಿಸಿ ಎಂದು ಕೇರಳ ಕೇಳಿದ್ದಕ್ಕೆ ಕೇಂದ್ರ ಒಪ್ಪಿಲ್ಲ. ಕಾನೂನಿನಲ್ಲಿ ಅದು ಇನ್ನೂ ರಕ್ಷಣೆ ಇರುವ ಪ್ರಾಣಿಯೇ.

ಫೋಟೋ ತೆಗೆದು, ಅರ್ಜಿ ತುಂಬಿದೆ. ಅರ್ಜಿ ಮಲಯಾಳದಲ್ಲಿತ್ತು, ಮಗಳು ಓದಿ ಹೇಳಿದಳು. ದುಡ್ಡು ಬರಲು ಎರಡು ತಿಂಗಳು ಹಿಡಿಯಿತು. ತೋಟಾ, ಬ್ಯಾಟರಿ, ಗುಂಡಿ ತೋಡಿದವರ ಕೂಲಿ ಕಳೆದರೆ ಕೈಗೆ ಸಿಕ್ಕಿದ್ದು ಚಹಾದ ಖರ್ಚು. ದುಡ್ಡಿಗಾಗಿ ಈ ಕೆಲಸಕ್ಕೆ ಇಳಿಯುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ.

ಆ ಗದ್ದೆಗೆ ಒಂದಷ್ಟು ದಿನ ಹಂದಿ ಬರಲಿಲ್ಲ. ಮತ್ತೆ ನೆರೆಯವರ ಫೋನ್ ಬಂದಾಗ ಚುನಾವಣೆ ಹತ್ತಿರ ಬಂದಿತ್ತು, ಅದಕ್ಕಾಗಿ ಒಪ್ಪಿಸಿದ್ದ ನನ್ನ ಕೋವಿ ಪೊಲೀಸ್ ಠಾಣೆಯಲ್ಲಿತ್ತು.